ಯಾರೂ ಮಣ್ಣಿಗೆ ಹೋಗದ ಸಾವು: ‘ಘಟಶ್ರಾದ್ಧ’ ಓದಲು ಕೂರುವವರಿಗೆ

ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಪದವಿಯ ಮೊದಲ ವರ್ಷಕ್ಕೆ ಬರುವ ಮಕ್ಕಳಿಗೆ ನಾನು ಸಣ್ಣಕತೆ ಕಲಿಸುತ್ತೇನೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಎತ್ತಿಕೊಂಡ ದಿನ ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ: “ಸರ್, ಹಾವು ಅಂದ್ರ ಏನಂತ ಬರೀಬೇಕ್ರಿ? ಕೊಡ ಅಂದ್ರ ಏನ್ರಿ?” ಗೈಡುಗಳಲ್ಲಿ ಪಟ್ಟಿ ಸಿದ್ಧವಾಗಿರುತ್ತದೆ. ಹಾವು ಎಂದರೆ ಕಾಮ, ಕೊಡ ಎಂದರೆ ದೇಹ, ಕತ್ತಲೆ ಎಂದರೆ ಸಾವು. ಅದನ್ನು ಬಾಯಿಪಾಠ ಮಾಡಿದವರು ಕತೆಯ ಕಡೆ ಮತ್ತೆ ತಿರುಗುವುದಿಲ್ಲ. ನನ್ನ ಸಂಕಟ ಅದೇ. ಸಂಕೇತ ಮೊದಲು ಒಂದು ವಸ್ತು. ಆ ವಸ್ತುವನ್ನು ಮುಟ್ಟಿ, ಹೊತ್ತು, ಅದಕ್ಕೆ ಹೆದರಿ ಗೊತ್ತಿದ್ದವರ ಜೊತೆ ಅದು ಮಾತಾಡುತ್ತದೆ. ಕತೆ ಮಲೆನಾಡಿನದು, ಬ್ರಾಹ್ಮಣರ ಮನೆಯದು. ಆದರೂ ಅದರ ವಸ್ತುಗಳೆಲ್ಲ ನಮ್ಮ ಕಡೆಯ ಮಕ್ಕಳಿಗೆ ಗೊತ್ತಿರುವವೇ.

ಪಾಠದ ಮೊದಲು ಅವರಿಗೆ ಅಷ್ಟೂರನ್ನು ನೆನಪಿಸುತ್ತೇನೆ. ಬೀದರ್ ಊರ ಹೊರಗೆ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆಯಲ್ಲ, ಅದರಲ್ಲಿ ಒಂದು ಸಿಡಿಲು ಬಡಿದು ಸೀಳಿಹೋಗಿದೆ. ಒಳಗೆ ಮಲಗಿದವನು ಹುಮಾಯೂನ್ ಶಹಾ. 1458ರಿಂದ 1461ರವರೆಗೆ ಆಳಿದವನು, ಜನ ‘ಜಾಲಿಮ್’ ಎಂದು ಕರೆದವನು. ಕ್ರೂರಿಯ ಗೋರಿಯನ್ನು ಆಕಾಶವೇ ಸಹಿಸಲಿಲ್ಲ ಎಂದು ಆ ಬಿರುಕನ್ನು ಓದುವವರಿದ್ದಾರೆ. ಆ ಓದು ನನಗೂ ಇಷ್ಟ. ಆದರೆ ಸಿಡಿಲಿಗೆ ಯಾರ ಗೋರಿ ಎಂಬುದು ಗೊತ್ತಿರಲಿಲ್ಲ. ಅರ್ಥ ಕೊಟ್ಟವರು ನೋಡಿದ ಜನ. ಕತೆಯಲ್ಲಿ ಹಾಗಲ್ಲ. ಅಲ್ಲಿ ಒಡೆದ ಗಡಿಗೆಯನ್ನು ಅಲ್ಲಿ ಇಟ್ಟವನೊಬ್ಬನಿದ್ದಾನೆ, ಯಾವ ಹೊತ್ತಿಗೆ ಒಡೆಯಬೇಕು ಎಂದು ಲೆಕ್ಕ ಹಾಕಿದ್ದಾನೆ. ಆದ್ದರಿಂದ ಕತೆಯಲ್ಲಿ ಒಂದು ವಸ್ತು ಕಣ್ಣಿಗೆ ಬಿದ್ದರೆ, ಇದನ್ನು ಇಲ್ಲೇ ಯಾಕೆ ಇಟ್ಟರು ಎಂದು ಕೇಳುವ ಹಕ್ಕು ಓದುವವರಿಗೆ ಇದೆ.

ಕತೆ ಹೇಳುವವನು ನಾಣಿ, ಚಿಕ್ಕ ಹುಡುಗ. ವೇದ ಕಲಿಯಲು ಉಡುಪರ ಮನೆಯಲ್ಲಿ ಇರುತ್ತಾನೆ. ಅವರ ಮಗಳು ಯಮುನಕ್ಕ ಚಿಕ್ಕ ವಯಸ್ಸಿನ ವಿಧವೆ. ಮನೆ ಬಿಟ್ಟು ಬಂದ ಹುಡುಗನಿಗೆ ಅವಳೇ ಆಸರೆ. ಶಾಲೆಯ ಮೇಷ್ಟ್ರ ಸಂಬಂಧದಿಂದ ಅವಳು ಬಸುರಿಯಾಗುತ್ತಾಳೆ. ಗರ್ಭ ತೆಗೆಸುತ್ತಾರೆ. ಊರಿಗೆ ಗೊತ್ತಾಗುತ್ತದೆ. ಕೊನೆಗೆ ಅಪ್ಪನೇ, ಅವಳು ಬದುಕಿರುವಾಗಲೇ, ಅವಳ ಶ್ರಾದ್ಧ ಮಾಡುತ್ತಾನೆ. ಘಟ ಎಂದರೆ ಮಣ್ಣಿನ ಕೊಡ. ಅದನ್ನು ಅವಳ ಬದಲಿಗೆ ಇಟ್ಟು, ಸತ್ತವರಿಗೆ ಮಾಡುವುದನ್ನೆಲ್ಲ ಮಾಡಿ ಒಡೆಯುವುದು. ಕುಲದಿಂದ ಹೊರಹಾಕಿದವರಿಗಾಗಿ ಇದ್ದ ಕ್ರಿಯೆ ಅದು.

ನಾಣಿಗೆ ಈ ಯಾವುದಕ್ಕೂ ಹೆಸರು ಗೊತ್ತಿಲ್ಲ. ದೊಡ್ಡವರು ಪಿಸುಗುಟ್ಟುತ್ತಾರೆ, ಅವನು ನೋಡುತ್ತಾನೆ. ಬಸಿರು, ಬಹಿಷ್ಕಾರ ಎಂಬ ಮಾತುಗಳ ಜಾಗದಲ್ಲಿ ಅವನಿಗೆ ಕಾಡು, ಕತ್ತಲೆ, ಹುತ್ತ, ಕೊಡ ಕಾಣುತ್ತವೆ. ಈ ಕತೆಯಲ್ಲಿ ಸಾವಿನ ಪ್ರತಿಮೆಗಳು ಇಷ್ಟು ದಟ್ಟವಾಗಿರುವುದಕ್ಕೆ ಕಾರಣ ಇದೇ ಎಂದು ನಾನು ನಂಬಿದ್ದೇನೆ. ಮೊದಲ ಸಲ ಓದುವಾಗ ಅರ್ಥ ಹುಡುಕುತ್ತ ಹೋಗಬೇಡಿ. ನಾಣಿಯ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ.

ಈಗ ಹುತ್ತ. ಯಮುನಕ್ಕ ಸಾಯಬೇಕೆಂದು ಅದರೊಳಗೆ ಕೈ ಇಡುತ್ತಾಳೆ. ಈ ಭಾಗ ಬಂದಾಗ ನಾನು ಹುಡುಗಿಯರನ್ನು ಕೇಳುತ್ತೇನೆ: ನಿಮ್ಮೂರಲ್ಲಿ ಹುತ್ತಿನ ಹತ್ತಿರ ಯಾವಾಗ ಹೋಗ್ತೀರಿ? ಉತ್ತರ ಒಂದೇ, ಪಂಚಮಿಗೆ. ಹಾಲು, ಅಳ್ಳು, ತಂಬಿಟ್ಟು ತಗೊಂಡು. ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರಕೊಂಡು ಬರಬೇಕು, ಜೋಕಾಲಿ ಕಟ್ಟಬೇಕು, ತವರಮನಿ ತುಂಬಬೇಕು. ಮಗಳು ತವರಿಗೆ ಬಂದು ಹಾಲೆರೆಯುವ ಜಾಗಕ್ಕೇ ಈ ಮಗಳು ತವರಿನಿಂದಲೇ ಹೆದರಿ ಓಡಿಬಂದು ಕೈ ಇಡುತ್ತಾಳೆ. ಪಂಚಮಿಯನ್ನು ಅನಂತಮೂರ್ತಿ ಇಲ್ಲಿ ನೆನೆದಿದ್ದರು ಎಂದು ನಾನು ಹೇಳುತ್ತಿಲ್ಲ. ಹುತ್ತಿಗೆ ಹಾಲೆರೆದ ಕೈಗೆ ಆ ದೃಶ್ಯ ಹೆಚ್ಚು ನೋಯುತ್ತದೆ, ಆ ನೋವೂ ಓದಿನ ಭಾಗವೇ ಎನ್ನುತ್ತಿದ್ದೇನೆ. ಅಲ್ಲಿ ಅವಳು ಸಾಯುವುದಿಲ್ಲ ಎಂಬುದನ್ನೂ ಗಮನಿಸಿ. ಅವಳನ್ನು ಮುಗಿಸಿದ್ದು ಕೊಡ.

ಅವಳ ಹೆಸರನ್ನು ಕುರಿತು ಒಂದು ಮಾತು. ಪುರಾಣದಲ್ಲಿ ಯಮುನೆ ಯಮನ ತಂಗಿ. ಔರಾದ್ ಕಡೆ ಮರಾಠಿ ಮನೆಗಳಲ್ಲಿ ದೀಪಾವಳಿಯ ಭಾವುಬೀಜ ಆಚರಿಸುವುದು ಯಮ ತಂಗಿಯ ಮನೆಗೆ ಉಣ್ಣಲು ಬಂದ ದಿನವೆಂದೇ. ಇಲ್ಲಿಯೂ ಅಕ್ಕನಂಥವಳೊಬ್ಬಳು, ತಮ್ಮನಂಥವನೊಬ್ಬ; ಅವನಿಗೆ ಅವಳನ್ನು ಉಳಿಸುವ ಬಲವಿಲ್ಲ. ಆದರೆ ಯಮುನಾ ಸಾಮಾನ್ಯವಾದ ಹೆಸರೂ ಹೌದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಪರೀಕ್ಷೆಯ ಉತ್ತರಕ್ಕೆ ಆಧಾರ ಮಾಡಿಕೊಳ್ಳಬೇಡಿ.

ಕೊಡಕ್ಕೆ ಬಂದಾಗ ತರಗತಿ ಮೂರು ದಾರಿಗೆ ಒಡೆಯುತ್ತದೆ. ಸುಡುವ ಮನೆತನದ ಮಕ್ಕಳು ಹೆಗಲ ಮೇಲೆ ನೀರಿನ ಗಡಿಗೆ ಹೊತ್ತು ಚಿತೆ ಸುತ್ತಿದ್ದನ್ನು, ಗಡಿಗೆಗೆ ತೂತು ಮಾಡಿದ್ದನ್ನು, ಹಿಂದಕ್ಕೆ ಬಿಟ್ಟು ಒಡೆದದ್ದನ್ನು ಕಂಡಿದ್ದಾರೆ. ಲಿಂಗಾಯತರ ಮನೆಯವರು ಕೂಡಿಸಿ ಮಣ್ಣು ಮಾಡುತ್ತಾರೆ, ಅವರಿಗೆ ವಿಭೂತಿ ನೆನಪು. ಮುಸಲ್ಮಾನರ ಮಕ್ಕಳಿಗೆ ಗೋರಿಗೆ ಹಾಕುವ ಮೂರು ಹಿಡಿ ಮಣ್ಣು. ಹಾಗಾದರೆ ಈ ಕೊಡ ಎಲ್ಲರಿಗೂ ಹೇಗೆ ತಟ್ಟಬೇಕು? ಹಲವು ವರ್ಷ ನನಗೆ ಇದಕ್ಕೆ ಉತ್ತರ ಹೊಳೆದಿರಲಿಲ್ಲ. ಒಮ್ಮೆ ಒಬ್ಬ ಹುಡುಗ ಎರಡು ದಿನ ತಪ್ಪಿಸಿಕೊಂಡು ಬಂದ. ಯಾಕಪ್ಪಾ ಎಂದರೆ, “ಮಣ್ಣಿಗೆ ಹೋಗಿದ್ದೆ ಸರ್” ಎಂದ. ಪಕ್ಕದವನು, ನಮ್ಮಲ್ಲೂ ‘ಮಿಟ್ಟಿ ದೇನಾ’ ಅಂತಾರೆ ಎಂದ. ಗಡಿಯ ಹುಡುಗಿಯೊಬ್ಬಳು, ಮರಾಠಿಯಲ್ಲೂ ‘ಮಾತೀಲಾ’ ಹೋಗೋದು ಅಂತಲೇ ಎಂದಳು. ಮೂರು ಭಾಷೆಯಲ್ಲೂ ಸಾವಿಗೆ ಹೋಗುವುದೆಂದರೆ ಮಣ್ಣಿಗೆ ಹೋಗುವುದು. ಸತ್ತವರ ಮೇಲೆ ದ್ವೇಷವಿದ್ದವರೂ ಮಣ್ಣಿಗೆ ಹೋಗುತ್ತಾರೆ, ನಮ್ಮ ಊರುಗಳಲ್ಲಿ ಅದು ಕಡೆಯ ಮರ್ಯಾದೆ.

ಅಂದು ಕತೆಯನ್ನು ಮತ್ತೆ ತೆಗೆದೆ. ಘಟಶ್ರಾದ್ಧದಲ್ಲಿ ಮಂತ್ರವಿದೆ, ನೀರಿದೆ, ಮಣ್ಣಿನಿಂದಲೇ ಮಾಡಿದ ಕೊಡವಿದೆ. ಯಮುನಕ್ಕನಿಗೆ ಮಣ್ಣು ಕೊಡುವವರಿಲ್ಲ, ಏಕೆಂದರೆ ಅವಳು ಅಲ್ಲೇ ಬದುಕಿದ್ದಾಳೆ. ಊರು ಅವಳಿಗೆ ಸಾವನ್ನು ಕೊಟ್ಟಿತು, ಸಾವಿನ ಮರ್ಯಾದೆಯನ್ನು ಕೊಡಲಿಲ್ಲ.

ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಇದನ್ನು ಸಿನಿಮಾ ಮಾಡಿದರು. ಅವರ ಮೊದಲ ಚಿತ್ರ, ಸ್ವರ್ಣಕಮಲ ಪಡೆಯಿತು. ಕತೆ ಓದಿದ ಮೇಲೆ ನೋಡಿ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಬುಡದಲ್ಲಿ ಕೂತ ಯಮುನೆ ಕಾಣುತ್ತಾಳೆ. ನಾಣಿಯನ್ನು ಅವನ ಅಪ್ಪ ಊರಿಗೆ ಕರಕೊಂಡು ಹೊರಟಿದ್ದಾನೆ. ಆ ಹೊತ್ತಿನಲ್ಲಿ ಹುಡುಗ ಯಾವ ಕಡೆ ನೋಡುತ್ತಾನೆ ಎಂಬುದನ್ನು ನೋಡಿಕೊಂಡು ಬನ್ನಿ, ಮುಂದಿನ ಪಾಠ ಅಲ್ಲಿಂದ ಶುರು ಮಾಡೋಣ.