ಹುಣಸೆಹಣ್ಣು ತಿಂದ ಆನೆ

ನಮ್ಮ ದೊಡ್ಡಮ್ಮನ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ. ನಮ್ಮೂರು ಕಣಕಟ್ಟೆಯ ಮನೆಯಲ್ಲಿ ತಾತ ಕೊಬ್ಬರಿ ಮಾರಿ ಕೂಡಿಟ್ಟಿದ್ದ ಬೆಳ್ಳಿ ರೂಪಾಯಿಗಳನ್ನು ಆಕೆ ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ಕೇಳಿದರೆ, "ಕಪ್ಪಿಡಿದ ಕಾಸ ಲಕ್ಷ್ಮಿ ಮುಂದೆ ಹೆಂಗಪ್ಪ ಇಡೋದು?" ಅಂತಾರೆ.

ನನ್ನ ಪಾಲಿಗೆ ಬಂದ ಆ ರೂಪಾಯಿಗಳ ಡಬ್ಬಿ ಹಿಡಿದು ಬೆಂಗಳೂರಿನ ನಾಣ್ಯ ವ್ಯಾಪಾರಿಯ ಹತ್ತಿರ ಹೋದೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯೇ ಎಲ್ಲಕ್ಕಿಂತ ಹಳೆಯದು, ಅದಕ್ಕೇ ಹೆಚ್ಚು ಬೆಲೆ ಅಂದುಕೊಂಡಿದ್ದೆ. ಆತ ಅದನ್ನು ಪಕ್ಕಕ್ಕೆ ಸರಿಸಿದ. 1862 ಎಂಬ ಇಸವಿಯನ್ನೇ ಇಟ್ಟುಕೊಂಡು 1874ರವರೆಗೆ ಟಂಕಿಸಿದರಂತೆ. ರಾಶಿ ರಾಶಿ ಸಿಗುತ್ತವೆ. ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ್ದವನ್ನು ಬರೀ ಬೆಳ್ಳಿಯ ಬೆಲೆಗೆಂದು ನೇರ ತಕ್ಕಡಿಗೆ ಹಾಕಿದ.

ಆಮೇಲೆ 1911ರ ಐದನೇ ಜಾರ್ಜ್ ರೂಪಾಯಿ ಕೈಗೆ ಬಂತು. ಆತ ಎದ್ದು ಕೂತ! ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೋಟಾಗಿ, ಹಂದಿಯಂತೆ ಕಂಡು ಮುಸ್ಲಿಮರು ಆಕ್ಷೇಪಿಸಿದ್ದರು. ಸರ್ಕಾರ ಬಹುಪಾಲು ಕರಗಿಸಿ, 1912ರಲ್ಲಿ ಸೊಂಡಿಲು ತಿದ್ದಿತು. ಅದಕ್ಕೇ ಅದು ಅಪರೂಪ. ಮಸೂರ ಕಣ್ಣಿಗಿಟ್ಟು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿದ. ಮಾತಿಲ್ಲ. ನನ್ನ ಕೈಗೂ ಮಸೂರ ಕೊಟ್ಟ. ಮೈತುಂಬ ಕೂದಲೆಳೆ ಗೀರುಗಳು. ದೊರೆಯ ಮೀಸೆ ಸವೆದು ನುಣ್ಣಗೆ. ಆನೆ ಇರಬೇಕಾದ ಕಡೆ ಒಂದು ಉಬ್ಬು, ಅಷ್ಟೆ. ಆತ ತನ್ನ ಸಂಗ್ರಹದ ಅದೇ ಇಸವಿಯ ರೂಪಾಯಿ ಪಕ್ಕಕ್ಕಿಟ್ಟ. ಬೂದುಗಪ್ಪು ಬಣ್ಣ, ನಮ್ಮ ದೊಡ್ಡಮ್ಮ ಕಂಡರೆ ಆವತ್ತೇ ಬಚ್ಚಲಿಗೆ ಒಯ್ಯುವಂಥದ್ದು. ಆದರೆ ಆನೆಯ ಕಿವಿ ಕೂಡ ಎಣಿಸುವಷ್ಟು ಸ್ಪಷ್ಟ. ಅದರ ಬೆಲೆ ಕೇಳಿ ಗಂಟಲು ಒಣಗಿತು. ನನ್ನದಕ್ಕೆ ಬೆಳ್ಳಿಯ ತೂಕದ ಮೇಲೆ ಒಂದಿಷ್ಟು ಸೇರಿಸಿದ. ನಾನು ಕೊಡಲಿಲ್ಲ, ಹಟ.

ನಿಮ್ಮಲ್ಲೂ ಡಬ್ಬಿಯಿದ್ದರೆ ತಿಕ್ಕಬೇಡಿ, ನಿಂಬೆಹಣ್ಣೂ ಬೇಡ. ಅಂಚು ಹಿಡಿದು ನೋಡಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿ. ಹಬ್ಬಕ್ಕೆ ಹೊಸ ಬೆಳ್ಳಿ ನಾಣ್ಯ ತನ್ನಿ. ಇನ್ನೊಂದು ಮಾತು: ಉಳುವಾಗ ಹೊಲದಲ್ಲಿ ಹೊಯ್ಸಳರ ಚಿನ್ನದ ನಾಣ್ಯ ಗದ್ಯಾಣ ಸಿಕ್ಕೀತೆಂದು ನಮ್ಮ ಕಡೆ ಕನಸು ಕಾಣುವವರು ಬಹಳ. ಹಾಗೆ ಸಿಕ್ಕಿದ್ದನ್ನು ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಇನ್ನು ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡಿಸುತ್ತೇನೆ, ಮೊದಲು ರಿಸರ್ವ್ ಬ್ಯಾಂಕಿನ ಶುಲ್ಕ ಕಟ್ಟಿ ಎನ್ನುವ ಫೋನು ಬಂದರೆ ಅಲ್ಲೇ ಇಟ್ಟುಬಿಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲವೆಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಹೇಳಿದೆ.