ಮೈಲುತುತ್ತದಲ್ಲಿ ಬೆರೆತ ಲೋಹಗಳನ್ನು ಗುರುತಿಸುವ ಕ್ರಮ

ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗದ ನಿವಾರಣೆಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ವಿಷಯವು ಮಲೆನಾಡಿನ ತೋಟಗಾರರಿಗೆಲ್ಲ ತಿಳಿದುದೇ ಆಗಿದೆ. 100 ಲೀಟರು ನೀರಿಗೆ 1 ಕಿಲೋಗ್ರಾಂ ಮೈಲುತುತ್ತವನ್ನೂ 1 ಕಿಲೋಗ್ರಾಂ ಸುಣ್ಣವನ್ನೂ ಸೇರಿಸುವುದು ವಾಡಿಕೆ. ರೋಗವನ್ನು ತಡೆಯುವ ಶಕ್ತಿಯು ಮೈಲುತುತ್ತದೊಳಗಿನ ತಾಮ್ರದ್ದು. ಅಗ್ಗದ ಅನ್ನಭೇದಿಯು ಅದರಲ್ಲಿ ಬೆರೆತಿದ್ದರೆ, ತೂಕವು ಸರಿಯಾಗಿದ್ದಾಗ್ಯೂ ತಾಮ್ರದ ಅಂಶವು ಕಡಿಮೆಯಾಗುವುದು. ಗೊನೆಗಳು ಕೊಳೆತು ಉದುರಿದ ತರುವಾಯ ಕಾರಣವನ್ನು ಹುಡುಕುವುದಕ್ಕಿಂತ, ಮಳೆಗೆ ಮುಂಚೆ ಪದಾರ್ಥವನ್ನು ಪರೀಕ್ಷಿಸುವುದು ಮೇಲು.

ಬಣ್ಣವೊಂದನ್ನೇ ನಂಬತಕ್ಕದ್ದಲ್ಲ, ನೀಲಿಯ ನಡುವೆ ಸ್ವಲ್ಪ ಹಸುರು ಕಣ್ಣಿಗೆ ಬೀಳದೆ ಹೋಗಬಹುದು. ದ್ರಾವಣದಲ್ಲಿ ಉಜ್ಜಿದ ಚಾಕುವನ್ನು ಅದ್ದಿದರೆ ತಾಮ್ರದ ಕೆಂಪು ಲೇಪ ಕೂರುವುದು ನಿಜ. ಆದರೆ ಅದು ತಾಮ್ರವಿದೆಯೆಂದು ಹೇಳುವುದೇ ಹೊರತು, ಬೇರೆ ಲೋಹವಿಲ್ಲವೆಂದು ಹೇಳಲಾರದು.

ನೀರಿನಲ್ಲಿ ಕರಗಿದ ಲೋಹಗಳು ಅಯಾನುಗಳ ರೂಪದಲ್ಲಿರುವುವು. ಗೊತ್ತಾದ ಕಾರಕಗಳನ್ನು ಗೊತ್ತಾದ ಕ್ರಮದಲ್ಲಿ ಸೇರಿಸಿ, ಒಂದೊಂದು ವರ್ಗವನ್ನು ಗಷ್ಟಾಗಿ ಇಳಿಸಿ, ಸೋಸಿ ಬೇರ್ಪಡಿಸುವುದೇ ಗುಣಾತ್ಮಕ ವಿಶ್ಲೇಷಣೆ. ಜರ್ಮನಿಯ ಫ್ರೆಸೇನಿಯಸ್ ಎಂಬ ರಸಾಯನಶಾಸ್ತ್ರಜ್ಞರು 1841ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವಿಧಾನವು ಬಹಳವಾಗಿ ಪ್ರಚಾರಕ್ಕೆ ಬಂದಿತು. ಇದರ ಜೀವಾಳವು ಕ್ರಮವೇ. ಅಮೋನಿಯಾ ಬೆರೆಸಿದ ದ್ರಾವಣಕ್ಕೆ ಮೊದಲೇ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹಾಯಿಸಿದರೆ ತಾಮ್ರ, ಕಬ್ಬಿಣ, ಸತುವು ಮೂರೂ ಒಟ್ಟಿಗೆ ಇಳಿದು, ಸತುವಿನ ಬಿಳುಪು ಉಳಿದವುಗಳ ಕಪ್ಪಿನಲ್ಲಿ ಅಡಗಿಹೋಗುವುದು.

ಮೈಲುತುತ್ತದ ಪರೀಕ್ಷೆಯನ್ನು ಈ ಕೆಳಗಿನಂತೆ ನಡೆಸಬೇಕು.

1. ಚೀಲದ ಮೇಲ್ಭಾಗ, ನಡು, ತಳಗಳಿಂದ ತೆಗೆದ ಪದಾರ್ಥವನ್ನು ಪುಡಿಮಾಡಿ ಬೆರೆಸಿ, ಅದರಲ್ಲಿ ಒಂದು ಚಿಟಿಕೆಯಷ್ಟನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಬೇಕು.

2. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸಿ ಹೈಡ್ರೋಜನ್ ಸಲ್ಫೈಡನ್ನು ಹಾಯಿಸಿದರೆ ತಾಮ್ರವು ಕಪ್ಪು ಗಷ್ಟಾಗಿ ಇಳಿಯುವುದು. ಕಬ್ಬಿಣವೂ ಸತುವೂ ದ್ರಾವಣದಲ್ಲಿಯೇ ನಿಲ್ಲುವುವು. ಸೋಸಿದ ನೀರಿಗೆ ಮತ್ತೊಮ್ಮೆ ಅನಿಲವನ್ನು ಹಾಯಿಸಿ, ತಾಮ್ರವೆಲ್ಲ ಇಳಿದಿದೆಯೇ ಎಂದು ನೋಡಬೇಕು. ಗಷ್ಟನ್ನು ಬಿಸಿಯಾದ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಮೋನಿಯಾವನ್ನು ಹೆಚ್ಚಾಗಿ ಹಾಕಿದಾಗ ಗಾಢ ನೀಲಿ ಬಣ್ಣ ಬಂದರೆ ತಾಮ್ರವು ಸ್ಥಿರಪಟ್ಟಿತು.

3. ಸೋಸಿದ ನೀರನ್ನು ಅನಿಲವು ಪೂರ್ತಿಯಾಗಿ ಹೋಗುವವರೆಗೆ ಕುದಿಸಿ, ಕೆಲವು ಹನಿ ನೈಟ್ರಿಕ್ ಆಮ್ಲದೊಡನೆ ಪುನಃ ಕುದಿಸಬೇಕು. ಅನ್ನಭೇದಿಯ ಕಬ್ಬಿಣವು ಫೆರಿಕ್ ರೂಪಕ್ಕೆ ತಿರುಗದಿದ್ದರೆ ಮುಂದೆ ಪೂರ್ತಿಯಾಗಿ ಇಳಿಯದು. ಅನಂತರ ನವಸಾಗರವನ್ನೂ ಹೆಚ್ಚಾಗಿ ಅಮೋನಿಯಾವನ್ನೂ ಸೇರಿಸಿದಾಗ ಕೆಂಗಂದು ಗಷ್ಟು ಕಂಡರೆ ಕಬ್ಬಿಣವಿದೆ. ಅದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಪೊಟಾಸಿಯಂ ಫೆರೋಸಯನೈಡನ್ನು ಹಾಕಿದರೆ ಕಡುನೀಲಿ ಗಷ್ಟು ಉಂಟಾಗುವುದು.

4. ಉಳಿದ ನೀರಿಗೆ ಈಗ ಹೈಡ್ರೋಜನ್ ಸಲ್ಫೈಡನ್ನು ಹಾಯಿಸಿದಾಗ ಬಿಳಿಯ ಗಷ್ಟು ಬಂದರೆ ಸತುವೂ ಬೆರೆತಿದೆಯೆಂದು ತಿಳಿಯಬೇಕು.

ಕಾರಕಗಳಲ್ಲಿಯೇ ಕಬ್ಬಿಣದ ಅಂಶವಿರುವುದುಂಟು. ಆದುದರಿಂದ ಬರಿಯ ಬಟ್ಟಿ ನೀರನ್ನೂ, ಶುದ್ಧವೆಂದು ಗೊತ್ತಿರುವ ಮೈಲುತುತ್ತವನ್ನೂ ಇದೇ ರೀತಿಯಲ್ಲಿ ಪರೀಕ್ಷಿಸಿ ಹೋಲಿಸದೆ ತೀರ್ಮಾನಕ್ಕೆ ಬರಕೂಡದು. ಈ ಪರೀಕ್ಷೆಯು ಯಾವ ಲೋಹವಿದೆಯೆಂಬುದನ್ನು ಹೇಳುವುದೇ ವಿನಾ ಎಷ್ಟಿದೆಯೆಂಬುದನ್ನಲ್ಲ. ಕಬ್ಬಿಣದ ಲೇಶಮಾತ್ರ ಸುಳಿವಿನಿಂದ ಮಾರಾಟಗಾರನನ್ನು ದೂಷಿಸುವುದು ನ್ಯಾಯವಲ್ಲ. ಗಷ್ಟು ಹೇರಳವಾಗಿದ್ದರೆ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಗೊತ್ತುಮಾಡಿಸಬೇಕು.

ಹೈಡ್ರೋಜನ್ ಸಲ್ಫೈಡ್ ಅನಿಲವು ಪ್ರಾಣಾಪಾಯಕರವಾದ ವಿಷ. ಅದು ಹೆಚ್ಚಾದಾಗ ಮೂಗಿನ ಶಕ್ತಿಯೇ ಕುಂದುವುದರಿಂದ, ವಾಸನೆ ಇಲ್ಲವೆಂದು ಧೈರ್ಯಪಡಬಾರದು. ಹೊಗೆಗೂಡಿರುವ ಪ್ರಯೋಗಾಲಯದಲ್ಲಿ, ತಿಳಿದವರ ಮುಂದೆ ಮಾತ್ರ ಈ ಕೆಲಸವನ್ನು ನಡೆಸತಕ್ಕದ್ದು. ಮನೆಯಲ್ಲಿ ಇದನ್ನು ಮಾಡಲೇಬಾರದು. ತೋಟಗಾರರು ಮಾದರಿಯನ್ನು ಕಳುಹಿಸಿದರೆ ಸಾಕು. ಉಳಿದ ದ್ರಾವಣಗಳನ್ನು ಬಾವಿ, ಕೆರೆ, ಕಾಲುವೆಗಳ ಬಳಿ ಚೆಲ್ಲಕೂಡದು.

ಪರೀಕ್ಷೆಗೆ ಹಿಡಿಯುವ ಕಾಲವು ಸ್ವಲ್ಪ. ಮೊದಲ ಸಿಂಪಡಣೆಯ ದಿನ ಕಳೆದುಹೋದರೆ ಅದು ಪುನಃ ಕೈಗೆ ಬಾರದು. ಆದುದರಿಂದ ಮೈಲುತುತ್ತವನ್ನು ಕೊಂಡ ಕೂಡಲೇ, ಮುಂಗಾರಿಗೆ ಮುಂಚಿತವಾಗಿ, ಮಾದರಿಯನ್ನು ತೆಗೆದಿಡುವುದು ಉತ್ತಮ.