ನೀಲಿ ಹಾರ್ನ್, ಹಳದಿ ಕೊಡೆ: ಸಂಕೇತ ಬೋಧನೆಗೊಂದು ಪಾಠ

‘ಸಂಕೇತ’ ಎಂಬ ಪರಿಕಲ್ಪನೆಯನ್ನು ಬೋಧಿಸುವಾಗ ಕರಿಹಲಗೆಯ ಮೇಲೆ ಒಂದು ಪಟ್ಟಿ ಸುಲಭವಾಗಿ ಮೂಡುತ್ತದೆ: ಕೆಂಪು ಎಂದರೆ ಪ್ರೀತಿ, ಬಿಳಿ ಎಂದರೆ ಶಾಂತಿ, ಕಪ್ಪು ಎಂದರೆ ದುಃಖ. ವಿದ್ಯಾರ್ಥಿಗಳು ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಪಠ್ಯವನ್ನು ಓದುವ ಅಗತ್ಯವೇ ಬೀಳುವುದಿಲ್ಲ. ಬಣ್ಣದ ಅರ್ಥವನ್ನು ಕತೆಯೇ ಕಟ್ಟುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ತಾವೇ ಕಂಡುಕೊಳ್ಳಲಿ ಎಂದು, ಒಂದು ಅವಧಿಗೆ ಅಮೆರಿಕದ ಹಾಸ್ಯ ಧಾರಾವಾಹಿ ‘ಹೌ ಐ ಮೆಟ್ ಯುವರ್ ಮದರ್’ ಅನ್ನು ಆರಿಸಿಕೊಂಡೆ.

ಪಾಠದ ಹಿನ್ನೆಲೆ

2005ರಿಂದ 2014ರವರೆಗೆ ಒಂಬತ್ತು ಸೀಸನ್‌ಗಳಲ್ಲಿ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ಧಾರಾವಾಹಿ ಇದು. 2030ರಲ್ಲಿ ಟೆಡ್ ಎಂಬ ತಂದೆ ತನ್ನ ಇಬ್ಬರು ಮಕ್ಕಳಿಗೆ, ಅವರ ತಾಯಿಯನ್ನು ತಾನು ಭೇಟಿಯಾದ ಕತೆ ಹೇಳುತ್ತಾನೆ. ಮೊದಲ ಕಂತಿನಲ್ಲೇ ಅವನು ರಾಬಿನ್‌ಳನ್ನು ಮೆಚ್ಚಿಸಲು ಹೋಟೆಲಿನಿಂದ ನೀಲಿ ಬಣ್ಣದ ಫ್ರೆಂಚ್ ಹಾರ್ನ್ ಎಂಬ ವಾದ್ಯವನ್ನು ಕದ್ದು ತರುತ್ತಾನೆ. ರಾಬಿನ್ ಆ ಮಕ್ಕಳ ತಾಯಿಯಲ್ಲ ಎಂಬುದೂ ಅದೇ ಕಂತಿನ ಕೊನೆಗೆ ತಿಳಿಯುತ್ತದೆ. ಮೂರನೇ ಸೀಸನ್‌ನಲ್ಲಿ ಟೆಡ್‌ಗೆ ಯಾರೋ ಬಿಟ್ಟುಹೋದ ಹಳದಿ ಕೊಡೆ ಸಿಗುತ್ತದೆ. ಅದು ಮುಂದೆ ಅವನು ಮದುವೆಯಾಗಲಿರುವ ಟ್ರೇಸಿಯದು. ಕೊಡೆ ಅವನಿಂದ ಮತ್ತೆ ಅವಳ ಮನೆ ಸೇರುತ್ತದೆ. ಕೊನೆಗೆ ಮಳೆಯಲ್ಲಿ, ರೈಲು ನಿಲ್ದಾಣದಲ್ಲಿ, ಅದೇ ಕೊಡೆಯ ಕೆಳಗೆ ಇಬ್ಬರೂ ಮಾತಿಗೆ ತೊಡಗುತ್ತಾರೆ.

ಬೋಧನಾ ಕ್ರಮ

ಮೊದಲ ಹಂತದಲ್ಲಿ ಕತೆ ಹೇಳದೆ, ನೀಲಿ ಮತ್ತು ಹಳದಿಯ ಅರ್ಥ ಬರೆಯಲು ಹೇಳಿದೆ. ‘ನೀಲಿ: ವಿಷಾದ, ಹಳದಿ: ಸಂತೋಷ’ ಎಂಬ ಉತ್ತರಗಳೇ ಹೆಚ್ಚು ಬಂದವು.

ಎರಡನೇ ಹಂತದಲ್ಲಿ ಕತೆ ಹೇಳಿ, ನಾಲ್ಕು ಕಾಲಂಗಳ ಕೋಷ್ಟಕ ಹಾಕಿಸಿದೆ: ಸನ್ನಿವೇಶ, ವಸ್ತು, ಅದು ಯಾರ ಕೈಯಲ್ಲಿದೆ, ಸಂಬಂಧದ ಸ್ಥಿತಿ. ಕೋಷ್ಟಕ ತುಂಬುತ್ತಿದ್ದಂತೆ ಒಬ್ಬರು ಗುರುತಿಸಿದರು: “ಹಾರ್ನನ್ನು ಅವನು ಬೇಕೆಂದೇ ಕದ್ದು ಕೊಡ್ತಾನೆ ಮೇಡಂ. ಕೊಡೆ ಮಾತ್ರ ಕೈಯಿಂದ ಕೈಗೆ ತಾನಾಗಿಯೇ ಹೋಗುತ್ತೆ.” ಒಂದು ಹಠದ ಪ್ರೀತಿ, ಇನ್ನೊಂದು ಕಾಯುವ ಪ್ರೀತಿ. ಯಾವ ಬಣ್ಣದ ಪಟ್ಟಿಯಲ್ಲೂ ಇಲ್ಲದ ಈ ಅರ್ಥ ವಸ್ತುಗಳ ಚಲನೆಯಿಂದ ಹೊರಟಿತ್ತು.

ಮೂರನೇ ಹಂತದಲ್ಲಿ ಎರಡು ಮುಕ್ತಾಯಗಳನ್ನು ಎದುರುಬದುರು ಇಟ್ಟೆ. 2014ರ ಮಾರ್ಚ್ 31ರಂದು ಪ್ರಸಾರವಾದ ಕೊನೆಯ ಕಂತಿನಲ್ಲಿ ಟ್ರೇಸಿ ಕಾಯಿಲೆಯಿಂದ ತೀರಿಕೊಂಡು ಆರು ವರ್ಷ ಕಳೆದಿರುತ್ತದೆ. ಮಕ್ಕಳ ಒತ್ತಾಸೆಯಿಂದ ಟೆಡ್ ಅದೇ ನೀಲಿ ಹಾರ್ನ್ ಹಿಡಿದು ರಾಬಿನ್‌ಳ ಕಿಟಕಿಯ ಕೆಳಗೆ ನಿಲ್ಲುತ್ತಾನೆ. ಹಲವು ವೀಕ್ಷಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೆ ಮಕ್ಕಳ ಪಾತ್ರಧಾರಿಗಳು ಬೆಳೆದುಬಿಡುತ್ತಾರೆಂದು ಅವರ ಕೊನೆಯ ದೃಶ್ಯವನ್ನು ವರ್ಷಗಳ ಮೊದಲೇ ಚಿತ್ರೀಕರಿಸಿ ಇಡಲಾಗಿತ್ತು. ಡಿವಿಡಿಯಲ್ಲಿ ಬಂದ ಪರ್ಯಾಯ ಮುಕ್ತಾಯದಲ್ಲಿ ಟ್ರೇಸಿಯ ಸಾವಿಲ್ಲ. ಕತೆ ನಿಲ್ದಾಣದ ಭೇಟಿಯಲ್ಲೇ ಮುಗಿಯುತ್ತದೆ.

“ಈಗ ಹಳದಿಯ ಅರ್ಥವೇನು?” ಎಂದು ಕೇಳಿದೆ. ತರಗತಿ ಎರಡಾಯಿತು. ನೀಲಿಯಲ್ಲಿ ಮುಗಿದರೆ ಹಳದಿ ನಡುವಿನ ನಿಲ್ದಾಣವಾಗುತ್ತದೆ, ಅದು ಟ್ರೇಸಿಗೆ ಅನ್ಯಾಯ ಎಂದಿತು ಒಂದು ಗುಂಪು. ಅಗಲಿದವಳ ಪ್ರೀತಿ ಮುಂದಿನ ಪ್ರೀತಿಯಿಂದ ಅಳಿಯುವುದಿಲ್ಲ, ಎರಡೂ ಬಣ್ಣ ಉಳಿಯುತ್ತವೆ ಎಂದಿತು ಇನ್ನೊಂದು. ನಾನು ತೀರ್ಪು ಕೊಡಲಿಲ್ಲ. ಪ್ರತಿ ಮಾತಿಗೂ ಕೋಷ್ಟಕದ ಒಂದು ಸಾಲನ್ನು ಆಧಾರವಾಗಿ ತೋರಿಸಲು ಮಾತ್ರ ಹೇಳಿದೆ. ಆಧಾರ ಸಿಗದ ಎರಡು ವಾದಗಳನ್ನು ಅವರೇ ಕೈಬಿಟ್ಟರು.

ಮೌಲ್ಯಮಾಪನ ಮತ್ತು ಮುಂದುವರಿಕೆ

‘ನೀಲಿ ಏನನ್ನು ಸಂಕೇತಿಸುತ್ತದೆ?’ ಎಂಬ ಪ್ರಶ್ನೆ ಜ್ಞಾಪಕಶಕ್ತಿಯನ್ನಷ್ಟೇ ಅಳೆಯುತ್ತದೆ. ‘ಮೊದಲ ಕಂತಿನ ಹಾರ್ನ್‌ಗೂ ಕೊನೆಯ ಕಂತಿನ ಹಾರ್ನ್‌ಗೂ ಅರ್ಥದಲ್ಲಿ ಏನು ವ್ಯತ್ಯಾಸ? ಎರಡು ಘಟನೆಗಳ ಆಧಾರದಿಂದ ಬರೆಯಿರಿ’ ಎಂಬುದು ಓದನ್ನು ಅಳೆಯುತ್ತದೆ. ಮೊದಲನೆಯದರಲ್ಲಿ ಅದು ಅವಸರದ ಕಾಣಿಕೆ. ಕೊನೆಯದರಲ್ಲಿ ಇಪ್ಪತ್ತೈದು ವರ್ಷಗಳ ನೆನಪು ಹೊತ್ತ ಕಾಣಿಕೆ.

ಈ ಧಾರಾವಾಹಿಯ ವಸ್ತು ವಯಸ್ಕರದು. ಶಾಲಾ ತರಗತಿಗೆ ಸಲ್ಲದು. ಬೋಧನಾಭ್ಯಾಸಕ್ಕೆ ಹೊರಡುವವರು ಕೊಂಡೊಯ್ಯಬೇಕಾದ್ದು ಕೋಷ್ಟಕವನ್ನು. ನಿಮ್ಮ ತರಗತಿಯ ಪಠ್ಯದಲ್ಲಿ ಮರಳಿ ಮರಳಿ ಬರುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ಅದು ಎಲ್ಲೆಲ್ಲಿ, ಯಾರ ಕೈಯಲ್ಲಿ ಬರುತ್ತದೆಂದು ಮಕ್ಕಳಿಂದಲೇ ಗುರುತು ಹಾಕಿಸಿ. ಅರ್ಥದ ಪ್ರಶ್ನೆ ಕೊನೆಗಿರಲಿ.